ಶಬ್ದಗಳ ಮನೆತನ ವಿಚಾರಿಸುತ್ತಿದ್ದ ಮಾವಶಿ

ಮಾವಶಿಯ ಬಲಗೈ ತೋರುಬೆರಳಿನ ಉಗುರು ಒಂದು ಬದಿಗೆ ವಾಲಿತ್ತು. ಟೈಪ್‌ರೈಟರಿನ ಕೀಲಿಗಳನ್ನು ವರ್ಷಾನುಗಟ್ಟಲೆ ಕುಟ್ಟಿ ಹಾಗಾಯಿತೋ, ಹುಟ್ಟಿನಿಂದಲೇ ಹಾಗಿತ್ತೋ, ನಾನು ಕೇಳಲಿಲ್ಲ. ಉಗುರಿನ ಸುತ್ತ ರಿಬ್ಬನ್ನಿನ ಕರಿ ಮಸಿ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಆ ಬೆರಳನ್ನು ಕಾಗದದ ಮೇಲಿನ ಯಾವುದಾದರೊಂದು ಇಂಗ್ಲಿಷ್ ಶಬ್ದದ ಕೆಳಗೆ ಊರಿ, ಕನ್ನಡಕದ ಮೇಲಿನಿಂದ ಎದುರಿನವರನ್ನು ನೋಡಿ ಅವರು ಕೇಳುತ್ತಿದ್ದರು: "ಇದರ ಮನಿತನ ಗೊತ್ತೈತೇನು?"

ಹೆಣ್ಣು ಕೊಡುವ ಮೊದಲು ನಾವು ಗಂಡಿನ ಊರು, ಮನೆತನ, ಬೀಗರು ಬಿಜ್ಜರು ಎಲ್ಲ ವಿಚಾರಿಸುತ್ತೇವಲ್ಲ, ಹಾಗೆ ಮಾವಶಿ ಶಬ್ದವನ್ನು ವಿಚಾರಿಸುತ್ತಿದ್ದರು. ಗೊತ್ತಿಲ್ಲ ಎಂದರೆ ಮುಗಿಯಿತು. ಟೈಪು ಅಲ್ಲಿಗೇ ನಿಲ್ಲುತ್ತಿತ್ತು.

ಮಿರಜದಲ್ಲಿ ದಸ್ತಾವೇಜು ನೋಂದಾಯಿಸುವ ಕಚೇರಿಯೊಂದರ ಹೊರಗೆ, ರಸ್ತೆಯ ಬದಿಗೆ, ಬೇವಿನ ಮರದ ಕೆಳಗೆ ಸಾಲಾಗಿ ಟೈಪಿಸ್ಟರು ಕೂರುತ್ತಿದ್ದರು. ಎಲ್ಲರೂ ಗಂಡಸರು. ಕೊನೆಯ ಮೇಜು ಮಾತ್ರ ಮಾವಶಿಯದು. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮೈಮೇಲೆ ನೂಲಿನ ಸೀರೆ, ಮುಖದ ಮೇಲೆ ಯಾರಿಗೂ ಸೊಪ್ಪು ಹಾಕದ ಒಂದು ಕಳೆ. ಉಳಿದವರು ನಾಲ್ಕು ಕಾಗದ ಮುಗಿಸುವ ಹೊತ್ತಿಗೆ ಇವರದು ಒಂದೂ ಆಗುತ್ತಿರಲಿಲ್ಲ. ಯಾಕೆಂದರೆ ಅವರದೊಂದು ರೀತಿ ಇತ್ತು. ಮೊದಲು ಇಡೀ ಕಾಗದವನ್ನು ಓದುವುದು, ಸಹಿ ಮಾಡುವವರ ಭಾಷೆಯಲ್ಲಿ ಬಿಡಿಸಿ ಹೇಳುವುದು. ಆಮೇಲೆ ಅದನ್ನೇ ಅವರ ಬಾಯಿಂದ, ಅವರ ಮಾತಿನಲ್ಲಿ, ತಿರುಗಿ ಹೇಳಿಸುವುದು. ಅವರು ಹೇಳಿದರೆ ಟೈಪು. ಇಲ್ಲದಿದ್ದರೆ ಇಲ್ಲ.

"ಅವಸರ ಇದ್ದವರು ಅತ್ತಾಗ ಹೋಗ್ರಿ," ಎನ್ನುತ್ತಿದ್ದರು. "ಅವರು ಬರೇ ಟೈಪ್ ಮಾಡ್ತಾರ. ನಾ ಕೇಳ್ತೇನಿ."

ವಕೀಲರಿಗೆ ಇದು ತಲೆನೋವು. ಆದರೆ ಮಾವಶಿಯ ಇಂಗ್ಲಿಷಿನಲ್ಲಿ ಒಂದು ತಪ್ಪೂ ಇರುತ್ತಿರಲಿಲ್ಲ. ಹಾಗಾಗಿ ಬೈದುಕೊಂಡೇ ಬರುತ್ತಿದ್ದರು.

ಆ ಇಂಗ್ಲಿಷ್ ಅವರಿಗೆ ಕಾಲೇಜಿನಿಂದ ಬಂದದ್ದಲ್ಲ. ಅವರ ತಂದೆಗೆ ಸಾಂಗ್ಲಿಯ ಪೇಟೆಯಲ್ಲಿ ಅರಿಷಿಣದ ದಲ್ಲಾಳಿ ಅಂಗಡಿ, ಅಡತಿ, ಇತ್ತು. ಪರದೇಶದ ವ್ಯಾಪಾರಿಗಳಿಗೆ ಬರೆಯುವ ಕಾಗದಗಳನ್ನು ಮಗಳ ಕೈಯಲ್ಲೇ ಬರೆಸುತ್ತಿದ್ದರಂತೆ. ಅದಕ್ಕೆಂದು ರದ್ದಿ ಅಂಗಡಿಯಿಂದ ಒಂದು ದಪ್ಪ ಇಂಗ್ಲಿಷ್ ಡಿಕ್ಷನರಿ ತಂದುಕೊಟ್ಟಿದ್ದರು. ಪ್ರತಿ ಶಬ್ದದ ಕೊನೆಗೆ ಅದು ಎಲ್ಲಿಂದ ಬಂತು ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದಲ್ಲ, ಮಾವಶಿ ಅರ್ಥಕ್ಕಿಂತ ಮೊದಲು ಅದನ್ನೇ ಓದುತ್ತಿದ್ದರು. ಆ ಪುಸ್ತಕಕ್ಕೆ ಮುಂದಿನ ರಟ್ಟಿರಲಿಲ್ಲ, 'ಎ' ಅಕ್ಷರದ ಹಾಳೆಗಳೂ ಇರಲಿಲ್ಲ. ಯಾವನೋ ಕಿರಾಣಿಯವನು ಪುಡಿಕೆ ಕಟ್ಟಿ ಮುಗಿಸಿದ್ದ. 'ಎ'ಯಿಂದ ಸುರುವಾಗುವ ಶಬ್ದದ ಮೂಲ ಕೇಳಿದರೆ ಮಾವಶಿ ಕೈ ಕೊಡವಿ, "ಆ ಓಣ್ಯಾಗ ನನಗ ಯಾರೂ ಗುರುತಿಲ್ಲ," ಎಂದುಬಿಡುತ್ತಿದ್ದರು. ದಿನಾ ಅಫಿಡವಿಟ್ ಟೈಪ್ ಮಾಡುವ ಹೆಂಗಸು.

ಬೇರೆ ಓಣಿಗಳೆಲ್ಲ ಅವರಿಗೆ ಕರತಲಾಮಲಕ. ಬೆಲ್ಲದ ಗಾಡಿಯ ಹಮಾಲರು ಚಹಾಕ್ಕೆ ನಿಂತರೆ ಸಾಕು, ಹಿಡಿದು ಕೂರಿಸುತ್ತಿದ್ದರು. ಇಂಗ್ಲಿಷಿನ ಶುಗರ್ ಅನ್ನುವುದು ನಮ್ಮ ಶರ್ಕರೆಯೇ. ಅರಬರ ಕೈಹಿಡಿದು ದೊಡ್ಡ ದಾರಿಯಲ್ಲಿ ಆ ಕಡೆಗೆ ಹೋಯಿತು. ಬೆಲ್ಲಕ್ಕೆ ಜ್ಯಾಗರಿ ಅನ್ನುತ್ತಾರಲ್ಲ, ಅದೂ ಅದೇ ಶರ್ಕರೆ. ಕೇರಳದ ಕರಾವಳಿಯಲ್ಲಿ ಪೋರ್ತುಗೀಜರ ಬಾಯಿಗೆ ಸಿಕ್ಕು ಮುಖ ಬದಲಾಯಿಸಿತು. "ಒಂದ ಮನ್ಯಾಗ ಹುಟ್ಟಿದ ಇಬ್ಬರು. ಒಬ್ಬಾಕಿಗೆ ಅಂಗ್ರೇಜರ ಮೇಜಿನ ಮ್ಯಾಲ ಜಾಗಾ ಸಿಕ್ತು. ಇನ್ನೊಬ್ಬಾಕಿ ಗೋಣಿಚೀಲದಾಗ ಉಳದಳು," ಎಂದು ಮಾವಶಿ ಹೇಳಿದರೆ ಹಮಾಲರು ನಗುತ್ತಿದ್ದರು. ಮಾವಶಿ ನಗುತ್ತಿರಲಿಲ್ಲ.

ಒಳ್ಳೆಯವರೆಂದು ಹೇಳಹೊರಟಿದ್ದೇನೆಂದು ತಿಳಿಯಬೇಡಿ. ಮಹಾ ಜಗಮೊಂಡಿ. ಪಕ್ಕದ ಮೇಜಿನ ಟೈಪಿಸ್ಟನ ಜೊತೆ ಕೊಡೆಯ ನೆರಳಿಗಾಗಿ ಜಗಳವಾಡಿ ಎಂಟು ವರ್ಷ ಮಾತು ಬಿಟ್ಟಿದ್ದರು. ಸಿಟ್ಟು ಬಂದರೆ ಮರಾಠಿ, ಅಂತಃಕರಣ ಉಕ್ಕಿದರೆ ಕನ್ನಡ, ಎರಡೂ ಒಟ್ಟಿಗೆ ಬಂದರೆ ಇಂಗ್ಲಿಷ್. ಊಟಕ್ಕೆ ಕೂತರೂ ಬಿಡುತ್ತಿರಲಿಲ್ಲ. ಚಟ್ನಿ ಅನ್ನುವ ಶಬ್ದ ಇಂಗ್ಲಿಷಿನವರ ಮನೆ ಹೇಗೆ ಸೇರಿತು ಎಂದು ಕೇಳಿಸಿಕೊಂಡ ಮೇಲೇ ನಮಗೆ ಚಟ್ನಿ.

ಒಂದು ಮಧ್ಯಾಹ್ನದ ಸಂಗತಿ ಹೇಳುತ್ತೇನೆ. ಅಷ್ಟೊತ್ತಿಗೆ ನಾನು ಅವರ ಮೇಜಿನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುವವಳಾಗಿದ್ದೆ. ಹೇಗಾದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಕವಲಾಪುರದ ಒಬ್ಬ ಮುದುಕ ಬಾವಿಯ ಪಾಲಿನ ಕರಾರು ಮಾಡಿಸಲು ಬಂದಿದ್ದ. ಮಾವಶಿ ಅವನಿಗೆ ಒಂದೊಂದೇ ಕಲಮು ಬಿಡಿಸಿ ಹೇಳುತ್ತಿದ್ದರು. ಹಿಂದೆ ನಿಂತಿದ್ದ ಎಳೆ ವಯಸ್ಸಿನ ವಕೀಲನಿಗೆ ತಡೆಯಲಾಗಲಿಲ್ಲ. ಈ ವರ್ನ್ಯಾಕ್ಯುಲರ್ ಮಂದಿಗೆ ಇಷ್ಟೆಲ್ಲ ಯಾಕೆ ಹೇಳುತ್ತೀರಿ, ಹೆಬ್ಬೆಟ್ಟು ಒತ್ತಿಸಿ ಮುಗಿಸಿ ಎಂದು ಮರಾಠಿಯಲ್ಲಿ ಗೊಣಗಿದ. ಮಾವಶಿ ಕುರ್ಚಿಯಿಂದ ಎದ್ದರು. ಕೆಲಸದ ನಡುವೆ ಅವರು ಎದ್ದು ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು, ಬಹಳ ಗಿಡ್ಡ. ಸಿಟ್ಟಿನ ಮರಾಠಿಯಲ್ಲೇ ಅಂದರು:

"ವಕೀಲಸಾಹೇಬ್ರ, ಆ ಶಬ್ದದ ಬುಡ ನೋಡೀರೇನು? ಹಿಂದಕ ರೋಮಿನ ಮಂದಿ ಮಾಲಕನ ಮನ್ಯಾಗ ಹುಟ್ಟಿದ ಗುಲಾಮಗ ವರ್ನಾ ಅಂತಿದ್ದರು. ನಿಮ್ಮ ಶಬ್ದ ಅಲ್ಲಿಂದ ಬಂದದ. ಈ ಅಜ್ಜ ಕವಲಾಪುರದಾಗ ಸ್ವಂತ ಮನ್ಯಾಗ ಹುಟ್ಯಾನ. ಇವನ ಮಾತು ಯಾರ ಗುಲಾಮರ ಮಾತೂ ಅಲ್ಲ. ಇನ್ನೊಮ್ಮೆ ಆ ಶಬ್ದ ನನ್ನ ಟೇಬಲ್ಲಿಗೆ ತರಬ್ಯಾಡ್ರಿ."

ವಕೀಲ ಕೈಗಡಿಯಾರ ನೋಡಿಕೊಂಡ. ಮುದುಕನಿಗೆ ಏನು ನಡೆಯಿತೆಂದು ಪೂರ್ತಿ ತಿಳಿಯದಿದ್ದರೂ ಮಾತು ತನ್ನ ಪರವಾಗಿ ಆಗಿದೆ ಎಂದು ತಿಳಿಯಿತು. ರುಮಾಲು ಸರಿಮಾಡಿಕೊಂಡು, ಬಾವಿಯ ನೀರು ಯಾವ ವಾರ ಯಾರಿಗೆ, ಮೋಟಾರು ಕೆಟ್ಟರೆ ಯಾರು ರಿಪೇರಿ ಮಾಡಿಸಬೇಕು ಎಂದು ಮೊದಲಿನಿಂದ ಕೊನೆಯವರೆಗೆ ಒಂದೂ ತಪ್ಪದೆ ಹೇಳಿದ. ಅವನು ಹೋದ ಮೇಲೆ ಮಾವಶಿ ನನಗೆ ಹೇಳಿದ್ದು ಇಷ್ಟು: "ನೋಡು, ಕತ್ಯಾಗಿನ ಕೆಟ್ಟ ಮನಷ್ಯಾಗ ಇಂಗ್ಲಿಷ್‌ನ್ಯಾಗ ವಿಲನ್ ಅಂತಾರ. ಮೊದಲ ವಿಲನ್ ಅಂದ್ರ ಒಡೇರ ಹೊಲದಾಗ ದುಡಿಯಾಂವ, ಅಷ್ಟ. ದುಡದವನ ಹೆಸರು ಬೈಗಳ ಆತು. ಕುಂತ ಉಂಡಾಂವ ಜಂಟಲ್‌ಮನ್ ಆದ. ಶಬ್ದ ತಾವಾಗೇ ಕೆಡಾಂಗಿಲ್ಲ ತಂಗಿ, ಕೆಡಸವರು ಇರ್ತಾರ."

ಈಗ ನನ್ನ ವಿಷಯ.

ನಾನು ಮ್ಹೈಸಾಳದವಳು. ನಮ್ಮದು ಕುರಿ ಸಾಕುವ ಮನೆ. ಅಪ್ಪ ಕುರಿಯ ಜೊತೆಗೆ ಹೊಲವನ್ನೂ ಮಾಡಿಕೊಂಡಿದ್ದ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಮದುವೆಯಾಗಿ ಐದು ವರ್ಷಕ್ಕೆ ಗಂಡ ತೀರಿಕೊಂಡ. ಎರಡು ವರ್ಷದ ಮಗಳನ್ನು ಎತ್ತಿಕೊಂಡು ತವರಿಗೆ ಬಂದೆ. ಅಣ್ಣ ಕೆಟ್ಟವನಲ್ಲ. ತಾನೇ ಬಂದು ಕರೆದುಕೊಂಡು ಹೋದ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುರಿಯ ಹಿಂಡಿಗೆ ಒಯ್ಯುತ್ತಿದ್ದ. ಮತ್ತೆ ಎರಡು ವರ್ಷಕ್ಕೆ ಅಪ್ಪನೂ ಹೋದ, ಅವ್ವ ಮೊದಲೇ ಇರಲಿಲ್ಲ. ಹೊಲದ ದಾಖಲೆಯಲ್ಲಿ, ನಮ್ಮ ಕಡೆ ಸಾತ್‌ಬಾರಾ ಅನ್ನುತ್ತೇವೆ, ವಾರಸುದಾರರೆಂದು ಅಣ್ಣನ ಹೆಸರಿನ ಜೊತೆ ನನ್ನ ಹೆಸರೂ ಬಂತು. ಕಾಲುವೆಯ ನೀರು ಬಂದು ಕಬ್ಬು ಎದ್ದು ನಿಂತಿದ್ದ ಹೊಲ ಅದು.

ಅಣ್ಣತಮ್ಮಂದಿರಿಗೆ ಅಕ್ಕತಂಗಿಯರು ಹಕ್ಕು ಬಿಟ್ಟುಕೊಡುವ ಒಂದು ಪದ್ಧತಿ ನಮ್ಮಲ್ಲಿದೆ. ತಂಗಿಗೆ ಸೀರೆ-ಕುಪ್ಪಸ ಮಾಡುವುದು, ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ ಹಾಕಿ ಉಡಿ ತುಂಬುವುದು, ಅದೇ ದಿನ ಕಚೇರಿಗೆ ಕರೆದೊಯ್ದು ಸಹಿ ಹಾಕಿಸುವುದು. ಸಹಿ ಹಾಕದವಳಿಗೆ ತವರಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರಿಗೂ ಗೊತ್ತು.

ಗಂಡ ಸತ್ತ ಮೇಲೆ ಯಾವ ಹಬ್ಬದಲ್ಲೂ ಯಾರೂ ನನ್ನ ಉಡಿಯಲ್ಲಿ ಒಂದು ಕಾಳು ಅಕ್ಕಿ ಹಾಕಿರಲಿಲ್ಲ. ವಿಧವೆಗೆ ಹಾಕುವುದಿಲ್ಲ. ಅವತ್ತು ಬೆಳಿಗ್ಗೆ ಅಣ್ಣನ ಹೆಂಡತಿ, ನಮ್ಮ ವೈನಿ, ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಹಸಿರು ಅಂಚಿನ ಸೀರೆ ಕೊಟ್ಟರು. ಹೇಳಲು ನಾಚಿಕೆಯಾಗುತ್ತದೆ, ನನಗೆ ಎಷ್ಟು ಸಂತೋಷವಾಯಿತೆಂದರೆ ಒಂದಲ್ಲ, ಹತ್ತು ಕಾಗದಕ್ಕೆ ಸಹಿ ಹಾಕುತ್ತಿದ್ದೆ. ಅದು ಪ್ರೀತಿ ಎಂದೇ ತಿಳಿದೆ. ನಮ್ಮ ಹೆಣ್ಣುಮಕ್ಕಳೆಲ್ಲ ಮಾಡುವ ತಪ್ಪು ಇದೇ.

ಮಗಳನ್ನು ಮನೆಯಲ್ಲಿ ಬಿಟ್ಟು ಅಣ್ಣನ ಜೊತೆ ಮಿರಜಕ್ಕೆ ಬಂದೆ. ಉಳಿದ ಟೈಪಿಸ್ಟರ ಮುಂದೆ ಸಾಲು ಇತ್ತು, ಮಾವಶಿಯ ಮುಂದೆ ಯಾರೂ ಇರಲಿಲ್ಲ. ಅಣ್ಣನಿಗೆ ಅವರ ರೀತಿ ಗೊತ್ತಿರಲಿಲ್ಲ. ವಕೀಲರು ಕೈಬರಹದಲ್ಲಿ ಬರೆದುಕೊಟ್ಟಿದ್ದ ಕರಡನ್ನು ಅವರ ಮುಂದಿಟ್ಟ. ಮಾವಶಿ ಓದಿದರು. ತಿರುಗಿಸಿ ಮತ್ತೆ ಓದಿದರು.

"ಇಂಥಾ ಕಾಗದ ಎಲ್ಲಾರೂ ಮರಾಠ್ಯಾಗ ಮಾಡಸ್ತಾರ. ನೀವ್ಯಾಕ ಇಂಗ್ಲಿಷ್‌ನ್ಯಾಗ ಬರಸೀರಿ?"

"ಇಂಗ್ಲಿಷ್‌ನ್ಯಾಗ ಇದ್ರ ಪಕ್ಕಾ ಇರತದ ಅಂತ ವಕೀಲರು ಹೇಳ್ಯಾರ್ರಿ ಮಾವಶಿ," ಎಂದ ಅಣ್ಣ.

"ಯಾರಿಗೆ ಪಕ್ಕಾ?"

ಮಾವಶಿ ನನ್ನ ಕಡೆ ತಿರುಗಿದರು. ಮರಾಠಿ ಬಿಟ್ಟು ಕನ್ನಡದಲ್ಲೇ ಸುರು ಮಾಡಿದರು. ಮೊದಲ ಸಾಲಿನಲ್ಲೇ ಬೆರಳೂರಿದರು.

"ಇಲ್ಲೆ ವಿಡೋ ಅಂತ ಬರದಾರ. ನಮ್ಮ ವಿಧವಾ ಶಬ್ದದ ಒಡಹುಟ್ಟಿದಾಕಿ ಇದು. ಎಷ್ಟ ದೂರ ಹೋದ್ರೂ ಹಣೆಬರ ಬದಲಾಗಿಲ್ಲ ನೋಡು. ನನಗೂ ಇದ ಶಬ್ದನ ಹಚ್ಯಾರ, ಅಂಜಬ್ಯಾಡ. ಮುಂದ ರಿಲೀಜ್ ಅಂತ ಐತಿ. ಅದರ ಬುಡದಾಗ ಸಡ್ಲ ಬಿಡೋದು ಅಂತ ಅರ್ಥ. ಮುಷ್ಟಿ ಬಿಚ್ಚೋದು. ಬಿಚ್ಚಲಿಕ್ಕ ಅಡ್ಡಿ ಇಲ್ಲ, ಆದ್ರ ಮುಷ್ಟ್ಯಾಗ ಏನೈತಿ ಅನ್ನೋದು ಗೊತ್ತಿರಬೇಕಲ್ಲ. ನಿನ್ನ ಮುಷ್ಟ್ಯಾಗ ಏನೈತಿ?"

ನನಗೆ ಗೊತ್ತಿರಲಿಲ್ಲ. ಎಷ್ಟು ಎಕರೆ ಎಂಬುದೂ ಗೊತ್ತಿರಲಿಲ್ಲ. ಮಾವಶಿ ಕರಡಿನಲ್ಲಿದ್ದ ಹೊಲದ ಗಟ್ ನಂಬರು, ಎಕರೆ, ಗುಂಟೆ ಎಲ್ಲ ಓದಿ ಹೇಳಿದರು. ಅದರಲ್ಲಿ ಅರ್ಧ ನನ್ನದು ಎಂದರು.

"ಮುಂದ, ಪ್ರೀತಿಯಿಂದ ಬಿಟ್ಟುಕೊಡ್ತೇನಿ ಅಂತ ನಿನ್ನ ಬಾಯಿಲೆ ಬರಸ್ಯಾರ. ಲವ್ ಅಂಡ್ ಅಫೆಕ್ಷನ್. ಅಫೆಕ್ಷನ್ ನನಗ ಗುರುತಿಲ್ಲ, ಅದು ಎ ಓಣ್ಯಾಗಿಂದು. ಲವ್ ಗೊತ್ತು. ಅದು, ನಮ್ಮ ಲೋಭ, ಎರಡೂ ಒಂದ ಬಳ್ಳಿ ಕಾಯಿ. ಮರಾಠ್ಯಾಗ ಪತ್ರದ ಕಡೀಕ ಲೋಭ ಅಸಾವಾ ಅಂದ್ರ ಪ್ರೀತಿ ಇರಲಿ ಅಂತ. ಕನ್ನಡದಾಗ ಲೋಭ ಅಂದ್ರ ಏನಂತ ನಿನಗ ಗೊತ್ತೈತಿ. ಇಲ್ಲೆ ಯಾವುದೈತಿ ಅನ್ನೋದು ನೀವ ಅಣ್ಣ ತಂಗಿ ನೋಡ್ಕೋರಿ, ಅದು ನನ್ನ ಕೆಲಸ ಅಲ್ಲ."

"ಮಾವಶಿ, ನೀವು ಟೈಪ್ ಮಾಡ್ರಿ ಸಾಕು," ಎಂದ ಅಣ್ಣ. ದನಿ ಏರಿತ್ತು.

"ಮಾಡ್ತೇನಿ. ಆಕಿ ಒಮ್ಮೆ ಹೇಳಲಿ. ತನ್ನ ಮಾತಿನ್ಯಾಗ."

ನಾನು ಹೇಳಲು ಸುರು ಮಾಡಿದೆ. ನನ್ನ ಅಪ್ಪನ ಹೊಲದಾಗ ನನಗ ಪಾಲು ಬ್ಯಾಡ ಎಂದೆ. ಸರಾಗವಾಗಿ ಹೇಳಿದೆ. ಅಣ್ಣನ ಮುಖ ಅರಳಿತು. ಮಾವಶಿಯೂ ತಲೆಯಾಡಿಸಿ ಕಾಗದವನ್ನು ಯಂತ್ರಕ್ಕೆ ಏರಿಸಿದರು. ಆಮೇಲೆ ಆ ವಾಲಿದ ಉಗುರು ಕರಡಿನ ಕೆಳಗಿನ ಒಂದು ಸಾಲಿಗೆ ಹೋಯಿತು.

"ಒಂದು ಉಳದದ. ನೀ ಮತ್ತು ನಿನ್ನ ಏರ್ಸ್ ಅಂತ ಐತಿ. ಏರ್ ಅಂದ್ರ ಹಿಂದ ಉಳದವರು, ವಾರಸದಾರರು. ನಿನಗ ಯಾರದಾರ?"

"ಒಬ್ಬಾಕಿ ಮಗಳು. ನಾಲ್ಕ ವರ್ಷದಾಕಿ."

"ಹಂಗಾರ ಆಕಿ ಹೆಸರ ಹಿಡದು ಹೇಳು. ಆಕಿಗೂ ಬ್ಯಾಡ ಅಂತ ಹೇಳು."

ನಾನು ಬಾಯಿ ತೆರೆದೆ. ಮಗಳ ಹೆಸರು ಬಂತು. ಮುಂದಿನದು ಬರಲಿಲ್ಲ. ಎರಡನೆಯ ಸಲವೂ ಹೆಸರು ಬಂತು, ಅಷ್ಟೇ. ನನಗೆ ಬೇಡ ಎನ್ನುವುದು ಸುಲಭ, ಚಿಕ್ಕಂದಿನಿಂದ ಅದನ್ನೇ ಕಲಿಸಿದ್ದರು. ಮನೆಯಲ್ಲಿ ಜಡೆ ಹಾಕಿಸಿಕೊಂಡು ಆಡುತ್ತಿದ್ದ ಕೂಸಿನ ಬಾಯಿಂದ ನಾನು ಯಾವ ಅಧಿಕಾರದಿಂದ ಬೇಡ ಅನ್ನಿಸಲಿ? ಮಾವಶಿ ಅವಸರ ಮಾಡಲಿಲ್ಲ, ಬೆರಳನ್ನೂ ತೆಗೆಯಲಿಲ್ಲ. ರಸ್ತೆಯಲ್ಲಿ ಆಟೋಗಳು ಹೋಗುತ್ತಿದ್ದವು. ಅಣ್ಣ ನನ್ನ ಮೊಣಕೈ ತಿವಿದ.

"ಹೇಳಾಂಗಿಲ್ಲ," ಎಂದೆ.

"ಏನಂದಿ?"

"ಅಣ್ಣಾ, ನಾ ಇದನ್ನ ಹೇಳಾಂಗಿಲ್ಲ. ಸಹಿನೂ ಮಾಡಾಂಗಿಲ್ಲ."

ಅಣ್ಣ ಮಾವಶಿಯ ಮೇಲೆ ಹರಿಹಾಯ್ದ. "ನೀವು ಟೈಪ್ ಮಾಡಾಕ ಕುಂತೀರೋ, ಮನಿ ಮುರಿಯಾಕ ಕುಂತೀರೋ?" ಎಂದ. ಮಾವಶಿ ಯಂತ್ರದಿಂದ ಕಾಗದವನ್ನು ತೆಗೆದು, ಕರಡನ್ನು ನೀಟಾಗಿ ಮಡಚಿ ಅವನ ಕೈಗೆ ಕೊಟ್ಟರು. "ಕಾಗದ ಓದಿದ್ರ ಮುರಿಯೋ ಮನಿ ಇದ್ರ ಅದನ್ನ ನಾ ಮುರಿದಿಲ್ಲಪಾ," ಎಂದರು. ನಾನು ಚೀಲದಿಂದ ಸೀರೆ ತೆಗೆದು ಅಣ್ಣನಿಗೆ ಕೊಟ್ಟೆ. ಅವನು ಇಸಿದುಕೊಂಡ. "ಇನ್ನ ನಮ್ಮ ಹೊಸ್ತಲಾ ತುಳಿಬ್ಯಾಡ" ಎಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ಹೋದ.

ಅವತ್ತು ರಾತ್ರಿ ಮಾವಶಿ ನನ್ನನ್ನು ತಮ್ಮ ಕೋಣೆಗೆ ಕರೆದೊಯ್ದರು. ಮರುದಿನ ಮ್ಹೈಸಾಳಕ್ಕೆ ಹೋಗಿ ಮಗಳನ್ನು ಕರೆತಂದವರೂ ಅವರೇ. ವೈನಿ ಬಾಗಿಲಲ್ಲಿ ನಿಂತು ಏನೇನೋ ಅಂದರಂತೆ. "ಬೈಗಳದಾಗ ಹೊಸಾ ಶಬ್ದ ಒಂದೂ ಇರಲಿಲ್ಲ," ಎಂದಷ್ಟೇ ಹೇಳಿದರು. ಮಿರಜದ ಪೇಟೆ ಓಣಿಯಲ್ಲಿದ್ದ ಅವರ ಒಂದು ಖೋಲಿಯಲ್ಲಿ ನಾವು ಮೂವರು ಎರಡು ವರ್ಷ ಇದ್ದೆವು. ಅಲ್ಲೇ ಟೈಪಿಂಗ್ ಕಲಿತೆ, ಇಂಗ್ಲಿಷ್ ಕಲಿತೆ, ತಹಸೀಲಿಯಲ್ಲಿ ಗಟ್ಟಿ ದನಿಯಲ್ಲಿ ಮಾತಾಡುವುದನ್ನು ಕಲಿತೆ. ನನ್ನ ಪಾಲು ಬೇರೆಯಾಗಲು ನಾಲ್ಕು ವರ್ಷ ಹಿಡಿಯಿತು. ಬಂತು. ಅದರಲ್ಲಿ ಈಗ ಅರಿಷಿಣ ಹಾಕುತ್ತೇನೆ. ವಾರದಲ್ಲಿ ನಾಲ್ಕು ದಿನ ಅದೇ ಬೇವಿನ ಮರದ ಕೆಳಗೆ ಲ್ಯಾಪ್‌ಟಾಪು, ಪ್ರಿಂಟರು ಇಟ್ಟುಕೊಂಡು ಕೂರುತ್ತೇನೆ. ಅಣ್ಣ ಇಂದಿಗೂ ಮಾತಾಡುವುದಿಲ್ಲ. ಅವನ ನೆನಪಾಗುತ್ತದೆ, ಇಲ್ಲ ಎಂದರೆ ಸುಳ್ಳು. ಆದರೆ ಆ ದಿನ ಮತ್ತೆ ಬಂದರೂ ನಾನು ಅದನ್ನು ಹೇಳುವುದಿಲ್ಲ.

ಮಾವಶಿಗೆ ಈ ಹಟ ಎಲ್ಲಿಂದ ಬಂತು ಎಂದು ನನಗೆ ಬಹಳ ವರ್ಷ ತಿಳಿಯಲಿಲ್ಲ. ಅವರ ಗಂಡ ಬೇಗ ಹೋದರು, ಮಕ್ಕಳಿಲ್ಲ, ಸಾಂಗ್ಲಿಯ ತವರಿನ ಕಡೆ ತಲೆಹಾಕುವುದಿಲ್ಲ, ಇಷ್ಟೇ ಗೊತ್ತಿತ್ತು. ಕೊನೆಗೆ ಎದೆನೋವಾಗಿ ಮಿರಜದ ಒಂದು ದವಾಖಾನೆಯಲ್ಲಿ ಮಲಗಿದ್ದಾಗ ಒಂದು ಸಂಜೆ ತಾವಾಗಿ ಹೇಳಿದರು. ನಾನು ಮೋಸಂಬಿ ಸುಲಿಯುತ್ತಿದ್ದೆ.

"ಹಕ್ಕು ಬಿಟ್ಟು ಸಹಿ ನಾನೂ ಮಾಡೇನಿ."

ನಾನು ಸುಲಿಯುವುದನ್ನು ನಿಲ್ಲಿಸಿದೆ.

"ಆಗ ನನಗ ಇಪ್ಪತ್ತೆರಡು. ಅಪ್ಪ ಸತ್ತು ತಿಂಗಳಾಗಿತ್ತು. ಕಾಗದ ಇಂಗ್ಲಿಷ್‌ನ್ಯಾಗ ಇತ್ತು. ನಮ್ಮ ಮನ್ಯಾಗ ಅದನ್ನ ಓದಾಕ ಬರ್ತಿದ್ದಾಕಿ ನಾ ಒಬ್ಬಾಕಿನ. ಓದಿದ್ರ ಅಣ್ಣಗ ಅಪಮಾನ ಆಗತದ ಅಂತ ಓದಲಿಲ್ಲ. ಕಣ್ಣ ಬ್ಯಾರೆ ಕಡೆ ತಿರಗಿಸಿ ಸಹಿ ಮಾಡಿದೆ. ಅಡತಿ, ಗೋದಾಮು, ಮನಿ, ಎಲ್ಲಾ ಹೋತು. ಇರಕಲ್ ಸೀರಿ ಕೊಟ್ಟಿದ್ದ. ಛಲೋ ಸೀರಿ."

ದಿಂಬಿಗೆ ಒರಗಿ ನನ್ನ ಕಡೆ ತಿರುಗಿದರು.

"ಓದಾಕ ಬರದವರಿಗೆ ನಾ ಎಂದೂ ಸಿಟ್ಟಾಗಿಲ್ಲ ತಂಗಿ. ಬಂದೂ ಓದದಾಕಿ ಮ್ಯಾಲ ನನ್ನ ಸಿಟ್ಟು. ಒಂದ ಮಾತು ಕೇಳು. ನಾ ಸತ್ತಾಗ ಅವರು ತವರಮನಿ ಸೀರಿ ತಗೊಂಡ ಬರ್ತಾರ. ಬಂದೇ ಬರ್ತಾರ. ಹೊದಸಾಕ ಬಿಡಬ್ಯಾಡ."

ನಮ್ಮ ಕಡೆ ಹೆಣ್ಣಿನ ಹೆಣಕ್ಕೆ ತವರುಮನೆಯ ಸೀರೆ ಹೊದಿಸದೆ ಮಣ್ಣು ಮಾಡುವುದಿಲ್ಲ. ಅಷ್ಟು ವರ್ಷ ಮುಖ ನೋಡದವರೂ ಅವತ್ತು ಮಾತ್ರ ಸೀರೆ ಹಿಡಿದು ಬರುತ್ತಾರೆ. ಮಾವಶಿ ಹೇಳಿದ್ದು ಎಂಥ ಮಾತು ಎಂದು ನನಗೆ ಗೊತ್ತಿತ್ತು. ಆಯಿತು ಎಂದೆ. ಅವರು ಒಪ್ಪಲಿಲ್ಲ. ನನ್ನ ಬಾಯಿಂದ ಪೂರ್ತಿ ಹೇಳಿಸಿದ ಮೇಲೇ ಮೋಸಂಬಿ ತಿಂದರು.

ಹತ್ತು ದಿನಕ್ಕೆ ತೀರಿಕೊಂಡರು. ಹೋದ ವರ್ಷದ ಮಾತು. ಖೋಲಿಯ ಮುಂದೆ ವಿಭೂತಿ ಹಚ್ಚಿ ಕೂರಿಸಿದ್ದೆವು. ಸಾಲಿನ ಟೈಪಿಸ್ಟರೆಲ್ಲ ಬಂದಿದ್ದರು, ಮಾತು ಬಿಟ್ಟವನು ಎಲ್ಲರಿಗಿಂತ ಮೊದಲು ಬಂದಿದ್ದ. ಹನ್ನೊಂದರ ಸುಮಾರಿಗೆ ಸಾಂಗ್ಲಿಯಿಂದ ಕಾರು ಬಂತು. ಅವರ ಅಣ್ಣನ ಮಗ ಇಳಿದ. ಕೈಯಲ್ಲಿ ಹೊಸ ಇಳಕಲ್ ಸೀರೆ. ಹೆಂಗಸರು ದಾರಿ ಬಿಟ್ಟರು. ನಾನು ಬಿಡಲಿಲ್ಲ.

"ಅವರು ಬ್ಯಾಡಂದಾರ್ರಿ," ಎಂದೆ.

ಅವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಮುಖ ಕೆಂಪಾಯಿತು. "ಇದು ತವರಮನಿ ಸೀರಿರಿ. ಇದಿಲ್ಲದ ಹ್ಯಾಂಗ ಕಳಸ್ತೀರಿ? ಬ್ಯಾಡ ಅನ್ನಾಕ ನೀವು ಯಾರು?"

"ಅವರ ಕೈಯಾಗ ಕಲತಾಕಿ. ತವರಮನಿ ಸೀರಿ ಅವರು ಒಂದ ಸಲ ತಗೊಂಡಾರ. ಅದಕ್ಕ ಕೊಡೋದೆಲ್ಲಾ ಕೊಟ್ಟಾರ. ಇನ್ನೊಂದು ತಗೊಳ್ಳಾಕ ಅವರ ಹತ್ರ ಏನೂ ಉಳದಿಲ್ಲ."

ಮುದುಕಿಯೊಬ್ಬಳು ಹೀಗೆಲ್ಲ ಮಾಡಬಾರದು, ಜೀವಕ್ಕೆ ಸದ್ಗತಿ ಸಿಗುವುದಿಲ್ಲ ಎಂದು ನನ್ನ ಕೈ ಹಿಡಿದಳು. ನಾನು ಕೈ ಬಿಡಿಸಿಕೊಂಡೆ. ನನ್ನ ಮಗಳು, ಈಗ ಕಾಲೇಜಿಗೆ ಹೋಗುವವಳು, ಒಳಗಿನಿಂದ ಬಂದು ನನ್ನ ಪಕ್ಕದಲ್ಲಿ ನಿಂತಳು.

ಟೈಪು ಮಾಡಿ ಗಳಿಸಿದ್ದರಲ್ಲಿ ತಾವೇ ಕೊಂಡ ನೂಲಿನ ಸೀರೆಯಲ್ಲೇ ಮಾವಶಿ ಮಣ್ಣಿಗೆ ಹೋದರು. ಇಳಕಲ್ ಸೀರೆ ಕಾರಿನಲ್ಲಿ ಸಾಂಗ್ಲಿಗೆ ವಾಪಸು ಹೋಯಿತು.